ಊರಿನ ಸಂಖ್ಯೆ ಕೈತಪ್ಪದಿರಲಿ: ವಿದೇಶಕ್ಕೆ ಹೊರಟವರ ಮೊಬೈಲ್ ಸಿದ್ಧತೆ

ತೀರ್ಥಹಳ್ಳಿ ಹತ್ತಿರದ ನನ್ನ ತಂಗಿಯ ಮನೆಯ ಜಗಲಿಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ತಂಗಿಯ ಮಗಳು ಜರ್ಮನಿಗೆ ಓದಲು ಹೊರಟಿದ್ದಳು. ಹೊರಗೆ ಜಡಿಮಳೆ. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಕಟ್ಟುವ ಕೆಲಸ ನಡೆದಿತ್ತು. ಅಡಿಕೆ ಚೀಲ ತೂಗುವ ತಕ್ಕಡಿಗೆ ಸೂಟ್‌ಕೇಸನ್ನು ನೇತುಹಾಕಿ, 23 ಕಿಲೊ ದಾಟದಂತೆ ಭಾವ ಒಂದೊಂದೇ ಪುಸ್ತಕ ತೆಗೆದು ಬದಿಗಿಡುತ್ತಿದ್ದರು. ಎಲ್ಲವನ್ನೂ ತೂಗಿದೆವು, ಎಲ್ಲವನ್ನೂ ಕಟ್ಟಿದೆವು. ಅವಳ ಕೈಯಲ್ಲಿದ್ದ ಮೊಬೈಲಿನ ಬಗ್ಗೆ ಮಾತ್ರ ಯಾರೂ ಯೋಚಿಸಲಿಲ್ಲ. ಅವಳಿಗೂ ಹೊಳೆಯಲಿಲ್ಲ. "ಅಲ್ಲಿ ಹೋಗಿ ಹೊಸ ಸಿಮ್ ಹಾಕಿಕೊಳ್ಳುತ್ತೇನೆ ಮಾವ" ಎಂದು ಹಳೆಯ ಸಿಮ್ ತೆಗೆದು, ಅಮ್ಮನ ಬೀರುವಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟು ಹೊರಟಳು.

ಐದನೆಯ ದಿನ ತಂಗಿಯ ಮನೆಗೆ ಕರೆ ಬಂತು. ವಿಶ್ವವಿದ್ಯಾಲಯಕ್ಕೆ ಹಣ ಕಟ್ಟಬೇಕು, ಬ್ಯಾಂಕು ಒಟಿಪಿ ಕಳಿಸಿದೆ, ಅದು ಬೀರುವಿನಲ್ಲಿರುವ ಸಿಮ್ಮಿಗೆ ಬರುತ್ತದೆ. ಆ ಸಿಮ್ಮನ್ನು ಭಾವನ ಫೋನಿಗೆ ಹಾಕಿದ್ದಾಯಿತು. ಆದರೆ ಮನೆಯೊಳಗೆ ಸಿಗ್ನಲ್ ಇಲ್ಲ. ತೋಟ ದಾಟಿ ಸೊಪ್ಪಿನ ಬೆಟ್ಟದ ದಾರಿಯಲ್ಲಿ ಒಂದು ಹಾಸುಗಲ್ಲು ಇದೆ, ಅಲ್ಲಿ ನಿಂತರೆ ಎರಡು ಗೆರೆ ಬರುತ್ತದೆ. ಭಾವ ಕೊಡೆ ಹಿಡಿದು, ಜಿಗಣೆ ಕೊಡವಿಕೊಳ್ಳುತ್ತಾ ಮೇಲೇರಿದರು. ಒಟಿಪಿ ಬಂತು. ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಹಣ ಕಟ್ಟಲು ಮೂರು ಸಲ ಗುಡ್ಡ ಹತ್ತಬೇಕಾಯಿತು.

ಈಗ ಶಿವಮೊಗ್ಗದ ಬಡಾವಣೆಗಳಿಂದ, ಸಾಗರ, ಹೊಸನಗರ, ಕೊಪ್ಪ, ಶೃಂಗೇರಿಯ ಹಳ್ಳಿಗಳಿಂದ ಓದಿಗೆ, ಕೆಲಸಕ್ಕೆ, ಬಾಣಂತನಕ್ಕೆ, ಮಗನ ಮನೆ ನೋಡಲಿಕ್ಕೆ ಎಂದು ಹೊರದೇಶಕ್ಕೆ ಹೊರಡುವವರು ಬಹಳ. ಅವರಿಗೂ ಅವರನ್ನು ಕಳಿಸಿಕೊಡುವವರಿಗೂ ಉಪಯೋಗವಾಗಲಿ ಎಂದು ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

ಸಿಮ್ ಮಾಡುವ ಕೆಲಸ, ರೋಮಿಂಗ್ ಎಂಬ ಮುಯ್ಯಾಳು

ಸಿಮ್ಮಿನೊಳಗೆ ನಮ್ಮ ಫೋನ್ ಸಂಖ್ಯೆ ಕುಳಿತಿದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದರಲ್ಲಿರುವುದು ಒಂದು ಗುರುತಿನ ಅಂಕಿ ಮತ್ತು ಒಂದು ಗುಟ್ಟಿನ ಕೀಲಿ. ಫೋನನ್ನು ಚಾಲೂ ಮಾಡಿದಾಗ ಹತ್ತಿರದ ಟವರು "ಯಾರು?" ಎಂದು ಕೇಳುತ್ತದೆ, ಸಿಮ್ ಆ ಕೀಲಿಯಿಂದ ತನ್ನ ಗುರುತನ್ನು ಸಾಬೀತು ಮಾಡುತ್ತದೆ. ಈ ಗುರುತು ಇಂಥ ಸಂಖ್ಯೆಯವರದು ಎಂಬ ಲೆಕ್ಕ ಇರುವುದು ಕಂಪನಿಯ ಪುಸ್ತಕದಲ್ಲಿ. ಹಾಗಾಗಿಯೇ ಸಿಮ್ ಕಳೆದರೂ ಅದೇ ಸಂಖ್ಯೆಗೆ ಇನ್ನೊಂದು ಸಿಮ್ ಕೊಡಲು ಬರುತ್ತದೆ.

ಪರದೇಶದಲ್ಲಿ ನಮ್ಮ ಕಂಪನಿಯ ಟವರ್ ಇರುವುದಿಲ್ಲ. ಅಲ್ಲಿನ ಟವರು ನಮ್ಮ ಸಿಮ್ಮನ್ನು ನೋಡಿ, ಭಾರತದ ಕಂಪನಿಯನ್ನು ವಿಚಾರಿಸಿ, "ನಮ್ಮವರೇ, ಒಳಗೆ ಬಿಡಿ" ಎಂಬ ಉತ್ತರ ಬಂದ ಮೇಲೆ ಸೇವೆ ಕೊಡುತ್ತದೆ. ಇದೇ ರೋಮಿಂಗ್. ನಮ್ಮ ಕಡೆಯ ಮುಯ್ಯಾಳಿನ ಪದ್ಧತಿಯನ್ನು ನೆನೆಸಿಕೊಳ್ಳಿ. ನಿಮ್ಮ ಮನೆಯವರು ನನ್ನ ಗದ್ದೆಯ ನೆಟ್ಟಿಗೆ ಬರುತ್ತಾರೆ, ನಮ್ಮ ಮನೆಯವರು ನಿಮ್ಮ ಗದ್ದೆಗೆ ಬರುತ್ತಾರೆ, ಲೆಕ್ಕ ಆಮೇಲೆ. ಕಂಪನಿಗಳ ನಡುವೆಯೂ ಇಂಥ ಒಪ್ಪಂದವಿದೆ. ವ್ಯತ್ಯಾಸ ಒಂದೇ: ಇಲ್ಲಿ ಕೊನೆಗೆ ಲೆಕ್ಕ ಚುಕ್ತಾ ಮಾಡುವವರು ನಾವು, ಅದೂ ದುಬಾರಿ ದರದಲ್ಲಿ.

ಈ ದರದ ಭಯದಿಂದಲೇ ಜನ ಸಿಮ್ ತೆಗೆದಿಡುವುದು. ಆದರೆ ಭಯಪಡಬೇಕಾದದ್ದು ಯಾವುದಕ್ಕೆ, ಯಾವುದಕ್ಕೆ ಬೇಡ ಎಂಬುದನ್ನು ಬೇರ್ಪಡಿಸಿಕೊಂಡರೆ ಸಾಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಎಂಬ ಗುಂಡಿ ಇದೆ. ಅದು ಚಾಲೂ ಇದ್ದರೆ, ನೀವು ಫೋನನ್ನು ಮುಟ್ಟದೇ ಇದ್ದರೂ ಹಿಂದಿನಿಂದ ಚಿತ್ರಗಳು ಏರುತ್ತಿರುತ್ತವೆ, ಆ್ಯಪ್‌ಗಳು ನವೀಕರಣಗೊಳ್ಳುತ್ತಿರುತ್ತವೆ, ಬಿಲ್ಲು ಬೆಳೆಯುತ್ತಿರುತ್ತದೆ. ಅದನ್ನು ಆರಿಸಿಡಿ. ಕರೆ ಸ್ವೀಕರಿಸಿದರೂ ಹಣ ಹೋಗುತ್ತದೆ, ಆದ್ದರಿಂದ ಊರಿನ ಸಂಖ್ಯೆಗೆ ಬರುವ ಕರೆಯನ್ನು ಎತ್ತಬೇಡಿ. ಎಸ್‌ಎಂಎಸ್ ಹಾಗಲ್ಲ. ರೋಮಿಂಗ್‌ನಲ್ಲಿರುವಾಗ ಬರುವ ಎಸ್‌ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ತೆಗೆದುಕೊಳ್ಳುವುದಿಲ್ಲ. ಅದು ಇಂಟರ್‌ನೆಟ್ ಮೇಲೆ ಬರುವಂಥದ್ದಲ್ಲ, ಹಾಗಾಗಿ ಡೇಟಾ ರೋಮಿಂಗ್ ಆರಿಸಿಟ್ಟರೂ ಬಂದೇ ಬರುತ್ತದೆ. ಇಷ್ಟು ತಿಳಿದಿದ್ದರೆ ಭಾವನಿಗೆ ಗುಡ್ಡ ಹತ್ತುವ ಕಷ್ಟ ಬರುತ್ತಿರಲಿಲ್ಲ.

ಒಂದು ಷರತ್ತಿದೆ. ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಎಷ್ಟೋ ಸಂಖ್ಯೆಗಳಲ್ಲಿ ತಾನಾಗಿ ತೆರೆದಿರುವುದಿಲ್ಲ, ನಾವು ಕೇಳಿ ತೆರೆಸಬೇಕು. ಕಂಪನಿಯ ಆ್ಯಪ್‌ನಲ್ಲಿ ಅಥವಾ ಅಂಗಡಿಯಲ್ಲಿ, ಹೊರಡುವ ಮೊದಲೇ. ಸಣ್ಣ ರೋಮಿಂಗ್ ಪ್ಯಾಕ್ ಬೇಕೇ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ. ವಿಮಾನದೊಳಗೂ ಎಚ್ಚರ ಬೇಕು. ಕೆಲವು ವಿಮಾನಗಳು ತಮ್ಮದೇ ಮೊಬೈಲ್ ಜಾಲ ಇಟ್ಟುಕೊಂಡಿರುತ್ತವೆ, ಅದರ ದರ ನೆಲದ ದರಕ್ಕಿಂತ ಹಲವು ಪಟ್ಟು. ಹತ್ತಿ ಕುಳಿತ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ.

ಒಂದು ಸಂಖ್ಯೆಗೆ ಎಷ್ಟು ಬೀಗ

ನಮ್ಮ ಹತ್ತು ಅಂಕಿಯ ಸಂಖ್ಯೆ ಈಗ ಮಾತನಾಡಲು ಮಾತ್ರ ಇರುವುದಲ್ಲ. ಬ್ಯಾಂಕು, ಆಧಾರ್, ಆದಾಯ ತೆರಿಗೆ, ಡಿಜಿಲಾಕರ್, ಇಮೇಲ್, ವಾಟ್ಸ್‌ಆ್ಯಪ್, ಎಲ್ಲದರ ಬೀಗದ ಕೈ ಅದೇ. ಆಧಾರ್‌ನ ಒಟಿಪಿ ಭಾರತದ ಸಂಖ್ಯೆಗೆ ಮಾತ್ರ ಬರುತ್ತದೆ, ಹೊರದೇಶದ ಸಂಖ್ಯೆಗೆ ಎಸ್‌ಎಂಎಸ್ ಕಳಿಸುವ ವ್ಯವಸ್ಥೆ ಅದರಲ್ಲಿಲ್ಲ. ಒಬ್ಬ ವಿದ್ಯಾರ್ಥಿಗೆ ಜರ್ಮನಿಯಲ್ಲಿ ಕುಳಿತು ಡಿಜಿಲಾಕರ್‌ನಿಂದ ಪದವಿ ಪ್ರಮಾಣಪತ್ರ ತೆಗೆಯಬೇಕಾದರೂ ಊರಿನ ಸಂಖ್ಯೆ ಉಸಿರಾಡುತ್ತಿರಬೇಕು.

ಅದು ಉಸಿರಾಡಲು ರೀಚಾರ್ಜ್ ಬೇಕು. ಪ್ರೀಪೇಯ್ಡ್ ಸಂಖ್ಯೆಯಿಂದ ಸತತ 90 ದಿನ ಕರೆ, ಸಂದೇಶ, ಡೇಟಾ ಯಾವುದೂ ಆಗದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿದುಕೊಂಡು ಇನ್ನೊಂದು 30 ದಿನ ಉಳಿಸಬೇಕು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮ. ನಿಂತ ಸಂಖ್ಯೆ ಖಾಲಿ ಕೂರುವುದಿಲ್ಲ. ಕೆಲವು ತಿಂಗಳಲ್ಲಿ ಬೇರೊಬ್ಬರ ಪಾಲಾಗುತ್ತದೆ, ಆಮೇಲೆ ನಿಮ್ಮ ಬ್ಯಾಂಕಿನ ಸಂದೇಶ ಗುರುತಿಲ್ಲದವರ ಜೇಬಿಗೆ ಹೋಗುತ್ತದೆ. ಹೊರಡುವ ವಾರ ಒಂದು ವರ್ಷದ ಅವಧಿಯ ರೀಚಾರ್ಜ್ ಮಾಡಿಸಿಬಿಡಿ. ಬರುವ ವರ್ಷದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಅಪ್ಪನೋ ಅಮ್ಮನೋ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಲಿ.

ವಾಟ್ಸ್‌ಆ್ಯಪ್ ಬಗ್ಗೆ ಒಂದು ಮಾತು. ಸಿಮ್ ಇಲ್ಲದಿದ್ದರೂ ಹಳೆಯ ಸಂಖ್ಯೆಯ ವಾಟ್ಸ್‌ಆ್ಯಪ್ ನಡೆಯುತ್ತದೆ ಎಂದು ಇಷ್ಟು ಕಾಲ ಎಲ್ಲರೂ ನೆಮ್ಮದಿಯಾಗಿದ್ದೆವು. 2025ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು, ನೋಂದಾಯಿತ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಇಂಥ ಸಂದೇಶ ಸೇವೆಗಳು ನಡೆಯುವಂತೆ ಮಾಡಬೇಕು ಎಂದು ಆ ಸೇವೆಗಳ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಸಿಮ್ಮನ್ನು ಬೀರುವಿನಲ್ಲಿಡದೆ ಫೋನಿನಲ್ಲೇ ಇಟ್ಟುಕೊಳ್ಳಲು ಇದು ಇನ್ನೊಂದು ಕಾರಣ.

ಇನ್ನು ಹಣದ ವಿಚಾರ. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಹೊಸ ಕಾರ್ಡುಗಳು ಕೈಗೆ ಬಂದಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶದಲ್ಲಿ ಬಳಸುವ ಅನುಮತಿಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಕಾರ್ಡು ಕೈಕೊಟ್ಟಿತು ಎಂದು ಗಾಬರಿಯಾಗುವ ಬದಲು ಶಿವಮೊಗ್ಗದ ಮನೆಯಲ್ಲಿ ಕುಳಿತು ಆ ಗುಂಡಿ ಒತ್ತುವುದು ಎರಡು ನಿಮಿಷದ ಕೆಲಸ.

ಯುಪಿಐ ಹೇಗೆ ನಿಮ್ಮನ್ನು ಗುರುತಿಸುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಆ್ಯಪ್ ಹಾಕಿ ಮೊದಲ ಸಲ ತೆರೆದಾಗ ಅದು ನಿಮ್ಮ ಸಿಮ್ಮಿನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸುತ್ತದೆ. ಈ ಸಂಖ್ಯೆ, ಈ ಫೋನು, ಈ ಖಾತೆ ಒಬ್ಬರದೇ ಎಂಬ ಗಂಟು ಬೀಳುವುದು ಆಗ. ಆದ್ದರಿಂದ ಹೊಸ ಫೋನು ಕೊಳ್ಳುವುದಿದ್ದರೆ ಹೊರಡುವ ಹಿಂದಿನ ದಿನ ನೆಹರೂ ರಸ್ತೆಯ ಅಂಗಡಿಗೆ ಓಡಬೇಡಿ. ಕನಿಷ್ಠ ಎರಡು ವಾರ ಮೊದಲೇ ಕೊಂಡು, ಬ್ಯಾಂಕಿನ ಆ್ಯಪ್, ಯುಪಿಐ ಎಲ್ಲವನ್ನೂ ಅದರಲ್ಲಿ ಹಾಕಿ, ಗಾಂಧಿ ಬಜಾರಿನಲ್ಲಿ ಹತ್ತು ರೂಪಾಯಿಯ ಹೂವನ್ನಾದರೂ ಕೊಂಡು ನೋಡಿ. ಅಲ್ಲಿ ಹೋದ ಮೇಲೆ ಆ್ಯಪನ್ನು ತೆಗೆದು ಮತ್ತೆ ಹಾಕುವ ಸಾಹಸ ಬೇಡ.

ಯುಪಿಐ ಎಲ್ಲ ದೇಶದ ಅಂಗಡಿಯಲ್ಲೂ ನಡೆಯುವುದಿಲ್ಲ. ಭೂತಾನ್, ನೇಪಾಳ, ಸಿಂಗಪುರ, ಯುಎಇ, ಫ್ರಾನ್ಸ್, ಶ್ರೀಲಂಕಾ, ಮಾರಿಷಸ್‌ನಂಥ ಕಡೆ, ಅದೂ ಆ ವ್ಯವಸ್ಥೆಗೆ ಸೇರಿದ ಅಂಗಡಿಗಳಲ್ಲಿ ಮಾತ್ರ. ಪ್ರವಾಸಕ್ಕೆ ಹೋಗುವವರು ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ತೆರೆದುಕೊಳ್ಳಬೇಕು. ಅಲ್ಲಿಯೇ ನೆಲೆಸುವವರ ದಾರಿ ಬೇರೆ. ಓದಲು ಹೋದವರೂ ಸೇರಿದಂತೆ ಹೊರದೇಶದಲ್ಲಿ ನೆಲೆಸುವವರನ್ನು ವಿದೇಶಿ ವಿನಿಮಯದ ಕಾನೂನು ಅನಿವಾಸಿಗಳೆಂದು ಎಣಿಸುತ್ತದೆ. ಅವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಅಂಥ ಖಾತೆಗೆ ಹೊರದೇಶದ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರಲ್ಲಿ ಹತ್ತು ದೇಶಗಳಿಗೆ ಅವಕಾಶ ಕೊಡಲಾಯಿತು: ಸಿಂಗಪುರ, ಆಸ್ಟ್ರೇಲಿಯಾ, ಕೆನಡಾ, ಹಾಂಗ್‌ಕಾಂಗ್, ಒಮಾನ್, ಕತಾರ್, ಅಮೆರಿಕ, ಸೌದಿ ಅರೇಬಿಯಾ, ಯುಎಇ, ಬ್ರಿಟನ್. ಆ ಹತ್ತರಲ್ಲಿ ಜರ್ಮನಿ ಇರಲಿಲ್ಲ. ಬ್ಯಾಂಕಿನ ಶಾಖೆಗೆ ಹೋದಾಗ ಈ ಎರಡನ್ನೂ, ಅಂದರೆ ಖಾತೆಯ ಬದಲಾವಣೆ ಮತ್ತು ಒಟಿಪಿಯನ್ನು ಇಮೇಲ್‌ಗೂ ಕಳಿಸುವ ಸೌಲಭ್ಯವನ್ನು, ಒಟ್ಟಿಗೇ ಕೇಳಿ.

ಮರ ಒಂದೇ, ಫಸಲು ಎರಡು

ಊರಿನ ಸಿಮ್ ಫೋನಿನಲ್ಲೇ ಇದ್ದರೆ ಅಲ್ಲಿನ ಸಿಮ್ ಎಲ್ಲಿ ಹಾಕುವುದು? ಎರಡು ಸಿಮ್ಮಿನ ಫೋನಾದರೆ ಉತ್ತರ ಸುಲಭ. ಇ-ಸಿಮ್ ಇದ್ದರೆ ಇನ್ನೂ ಸುಲಭ.

ಇ-ಸಿಮ್ ಎಂದರೆ ಫೋನಿನ ಒಳಗೇ ಬೆಸೆದು ಕೂರಿಸಿದ ಚಿಪ್ಪು. ತೆಗೆಯಲು ಹಾಕಲು ಬರುವುದಿಲ್ಲ. ಕಂಪನಿ ಕೊಡುವ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿದರೆ, ಹಿಂದೆ ಪ್ಲಾಸ್ಟಿಕ್ ಸಿಮ್ಮಿನಲ್ಲಿರುತ್ತಿದ್ದ ಗುರುತು ಮತ್ತು ಕೀಲಿ ಇಂಟರ್‌ನೆಟ್ ಮೂಲಕ ಬಂದು ಆ ಚಿಪ್ಪಿನಲ್ಲಿ ಕೂರುತ್ತವೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವಲ್ಲ, ಹಾಗೆ ಒಂದೇ ಫೋನಿನಲ್ಲಿ ಊರಿನ ಸಂಖ್ಯೆಯೂ ಅಲ್ಲಿನ ಸಂಖ್ಯೆಯೂ ಒಟ್ಟಿಗೆ ಇರುತ್ತವೆ. ನಿಮ್ಮ ಫೋನಿನಲ್ಲಿ ಇದು ಇದೆಯೇ ಎಂದು ತಿಳಿಯಲು *#06# ಒತ್ತಿ. ಬರುವ ಪಟ್ಟಿಯಲ್ಲಿ ಇಐಡಿ ಎಂಬ ಉದ್ದದ ಅಂಕಿ ಕಂಡರೆ ಇದೆ ಎಂದು ಅರ್ಥ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ 14ನೇ ಸರಣಿಯಿಂದ ಪ್ಲಾಸ್ಟಿಕ್ ಸಿಮ್ ಹಾಕುವ ಜಾಗವೇ ಇಲ್ಲ. ಅಲ್ಲಿಂದ ಅಣ್ಣ ಫೋನು ತಂದುಕೊಟ್ಟರೆ ಊರಿನ ಸಿಮ್ಮನ್ನೂ ಇ-ಸಿಮ್ಮಾಗಿ ಬದಲಿಸಬೇಕಾಗುತ್ತದೆ.

ಬದಲಿಸುವುದಿದ್ದರೆ ಅವಸರ ಮಾಡಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಆ ಸಂಖ್ಯೆಗೆ ಎಸ್‌ಎಂಎಸ್ ಬರುವುದು, ಹೋಗುವುದು ಎರಡೂ ನಿಂತಿರುತ್ತದೆ. ಯಾರಾದರೂ ವಂಚಕರು ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆದು ಒಟಿಪಿ ಕದಿಯದಿರಲಿ ಎಂದು ಇಟ್ಟ ತಡೆ ಅದು. ಹೊರಡುವ ಸಂಜೆ ಇ-ಸಿಮ್ ಮಾಡಿಸಿದರೆ ಬೆಂಗಳೂರಿನ ಬಸ್ಸು ಹತ್ತಿ, ವಿಮಾನ ಹತ್ತಿ, ಇಳಿಯುವವರೆಗೂ ಒಟಿಪಿ ಬಾರದು.

ಹೊರದೇಶದ ಇ-ಸಿಮ್ಮನ್ನು ಊರಿನಲ್ಲಿದ್ದಾಗಲೇ ಕೊಂಡು, ಮನೆಯ ವೈಫೈನಲ್ಲಿ ಫೋನಿಗೆ ಇಳಿಸಿಕೊಳ್ಳಬಹುದು. ಆದರೆ ಅದರ ದಿನಗಳ ಲೆಕ್ಕ ಇಳಿಸಿದ ದಿನದಿಂದಲೋ, ಅಲ್ಲಿನ ಜಾಲಕ್ಕೆ ಸೇರಿದ ದಿನದಿಂದಲೋ ಎಂದು ಓದಿಕೊಳ್ಳಿ. ಬಹಳಷ್ಟು ಕ್ಯೂಆರ್ ಚಿತ್ರಗಳು ಒಂದೇ ಸಲ ನಡೆಯುವಂಥವು, ಆದ್ದರಿಂದ ಇಳಿಸಿದ ಇ-ಸಿಮ್ಮನ್ನು ಅಪ್ಪಿತಪ್ಪಿಯೂ ಅಳಿಸಬೇಡಿ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಅನೇಕವು ಡೇಟಾ ಮಾತ್ರ ಕೊಡುತ್ತವೆ, ಕರೆಗೆ ಸಂಖ್ಯೆ ಕೊಡುವುದಿಲ್ಲ. ಹತ್ತು ದಿನದ ಪ್ರವಾಸಕ್ಕೆ ಅಷ್ಟು ಸಾಕು. ನೆಲೆಸುವವರಿಗೆ ಅಲ್ಲಿನ ಸಂಖ್ಯೆ ಬೇಕೇ ಬೇಕು, ಅದಕ್ಕೆ ಗುರುತಿನ ಪರಿಶೀಲನೆ ಇರುತ್ತದೆ. ಜರ್ಮನಿಯಲ್ಲಿ 2017ರಿಂದ ಪ್ರೀಪೇಯ್ಡ್ ಸಿಮ್ಮಿಗೂ ಅದು ಕಡ್ಡಾಯ. ಯುರೋಪ್ ಒಕ್ಕೂಟದಲ್ಲಿ ಒಂದು ಅನುಕೂಲವಿದೆ: ಅದೇ 2017ರ ಜೂನ್‌ನಿಂದ ಒಂದು ಸದಸ್ಯ ದೇಶದ ಸಿಮ್ ಉಳಿದ ಸದಸ್ಯ ದೇಶಗಳಲ್ಲಿಯೂ ಹೆಚ್ಚುವರಿ ರೋಮಿಂಗ್ ದರವಿಲ್ಲದೆ ನಡೆಯುತ್ತದೆ.

ಎರಡೂ ಕೂತ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ನೋಡಿ. ಡೇಟಾಕ್ಕೆ ಅಲ್ಲಿನ ಸಿಮ್, ಕರೆಗೆ ಅಲ್ಲಿನ ಸಿಮ್. ಊರಿನ ಸಿಮ್ ಚಾಲೂ ಇರಲಿ, ಅದರ ಡೇಟಾ ರೋಮಿಂಗ್ ಆರಿರಲಿ. ಒಂದು ಸಿಮ್ಮಿನ ಸಿಗ್ನಲ್ ಕುಗ್ಗಿದಾಗ ಇನ್ನೊಂದರ ಡೇಟಾಕ್ಕೆ ತಾನೇ ಜಿಗಿಯುವ ಆಯ್ಕೆ ಕೆಲವು ಫೋನುಗಳಲ್ಲಿದೆ, ಅದನ್ನೂ ಆರಿಸಿ. ಸಿಮ್‌ಗಳಿಗೆ "ಊರು", "ಇಲ್ಲಿ" ಎಂದು ಹೆಸರು ಕೊಟ್ಟುಕೊಂಡರೆ ಗಡಿಬಿಡಿಯಲ್ಲಿ ತಪ್ಪಾಗುವುದಿಲ್ಲ.

ಈ ಫೋನು ಅಲ್ಲಿ ನಡೆಯುತ್ತದೆಯೇ

ಭದ್ರಾವತಿ ಆಕಾಶವಾಣಿ ಕೇಳಬೇಕಾದರೆ ರೇಡಿಯೊದ ಮುಳ್ಳು 675 ಕಿಲೋಹರ್ಟ್ಸ್‌ಗೆ ಬರಬೇಕು. ಆ ಅಂಕಿಯೇ ಇಲ್ಲದ ರೇಡಿಯೊದಲ್ಲಿ ಎಷ್ಟು ತಿರುಗಿಸಿದರೂ ಭದ್ರಾವತಿ ಸಿಗದು. ಮೊಬೈಲ್ ಜಾಲವೂ ಹೀಗೆಯೇ. ಪ್ರತಿ ದೇಶದ ಕಂಪನಿಗಳು ತಮಗೆ ಸಿಕ್ಕ ತರಂಗಾಂತರಗಳಲ್ಲಿ ಸೇವೆ ಕೊಡುತ್ತವೆ, ಅವನ್ನು ಬ್ಯಾಂಡ್ ಎನ್ನುತ್ತಾರೆ. ಭಾರತಕ್ಕೆಂದು ಮಾಡಿದ ಅಗ್ಗದ ಫೋನಿನಲ್ಲಿ ಅಮೆರಿಕದ ಕೆಲವು ಬ್ಯಾಂಡುಗಳು ಇರುವುದಿಲ್ಲ. ಅಲ್ಲಿನ ಒಂದು ದೊಡ್ಡ ಕಂಪನಿ ಹಳ್ಳಿಗಾಡಿಗೆ ಬಳಸುವ 600 ಮೆಗಾಹರ್ಟ್ಸ್ ಬ್ಯಾಂಡ್ ಅಂಥದ್ದು. ಪಟ್ಟಣದಲ್ಲಿ ಚೆನ್ನಾಗಿಯೇ ನಡೆಯುವ ಫೋನು ಊರಾಚೆ ಹೋದಾಗ ಸುಮ್ಮನಾಗುತ್ತದೆ.

ಬ್ಯಾಂಡ್ ಹೊಂದಿದರೂ ಕರೆಯ ತೊಡಕು ಬರಬಹುದು. ಹಿಂದೆ 4ಜಿ ಫೋನು ಕರೆ ಮಾಡುವಾಗ 3ಜಿಗೆ ಇಳಿದು ಮಾತನಾಡಿಸುತ್ತಿತ್ತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿಯನ್ನು ಮುಚ್ಚಿದವು. ಈಗ 4ಜಿಯ ಮೇಲೆಯೇ ಕರೆ ಹೋಗಬೇಕು, ಅದಕ್ಕೆ ಆ ಕಂಪನಿ ನಿಮ್ಮ ಮಾದರಿಯ ಫೋನನ್ನು ಒಪ್ಪಿರಬೇಕು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 28ರಿಂದ 3ಜಿ ನಿಂತಿತು. ತುರ್ತು ಸಂಖ್ಯೆಗೆ ಕರೆ ಮಾಡಲಾರದ ಫೋನುಗಳಿಗೆ ಅಲ್ಲಿ ಸೇವೆಯನ್ನೇ ಕೊಡುವಂತಿಲ್ಲ. ಮೆಲ್ಬರ್ನ್‌ಗೆ ಹೋಗುವವರು ಅಲ್ಲಿನ ಕಂಪನಿಯ ಜಾಲತಾಣದಲ್ಲಿ ತಮ್ಮ ಫೋನಿನ ಐಎಂಇಐ ಹಾಕಿ ಮೊದಲೇ ನೋಡಿಕೊಳ್ಳಬೇಕು. ಐಎಂಇಐ ಎಂದರೆ ಫೋನಿನ ಚಾಸಿ ನಂಬರು ಇದ್ದಂತೆ. 15 ಅಂಕಿ, *#06# ಒತ್ತಿದರೆ ಬರುವುದೇ ಅದು.

ಕೆಲವು ದೇಶಗಳು ಈ ಚಾಸಿ ನಂಬರನ್ನು ನೋಂದಾಯಿಸಿ ತೆರಿಗೆ ಕಟ್ಟಿಸಿಕೊಳ್ಳುತ್ತವೆ. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನು ಅಲ್ಲಿನ ಸಿಮ್ಮಿನಲ್ಲಿ 120 ದಿನ ನಡೆಯುತ್ತದೆ, ಆಮೇಲೆ ಬಂದ್.

08182 ಅಲ್ಲ, +91 8182

ತಂಗಿಯ ಮಗಳ ಫೋನಿನಲ್ಲಿ ಅಜ್ಜನ ಮನೆಯ ಸ್ಥಿರ ದೂರವಾಣಿ 08181 ಎಂದು ಶುರುವಾಗುತ್ತಿತ್ತು, ತೀರ್ಥಹಳ್ಳಿಯ ಕೋಡ್. ಜರ್ಮನಿಯಿಂದ ಒತ್ತಿದರೆ ಎಲ್ಲಿಗೂ ಹೋಗಲಿಲ್ಲ. ಆ ಮೊದಲ ಸೊನ್ನೆಗೆ "ದೇಶದೊಳಗೆ ಬೇರೆ ಊರಿಗೆ" ಎಂದು ಅರ್ಥ, ಮತ್ತು ಆ ಅರ್ಥ ಭಾರತದಲ್ಲಿ ಮಾತ್ರ. ಹೊರಗಿನಿಂದ ಕರೆಯುವಾಗ ಸೊನ್ನೆ ತೆಗೆದು +91 ಸೇರಿಸಬೇಕು. ಶಿವಮೊಗ್ಗದ 08182 ಆಗ +91 8182 ಆಗುತ್ತದೆ, ಸಾಗರದ 08183 ಆಗ +91 8183. ಮೊಬೈಲ್ ಸಂಖ್ಯೆಗೂ ಮೊದಲಿಗೆ +91 ಬೇಕು. ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದರೆ + ಬರುತ್ತದೆ. ಹೊರದೇಶಕ್ಕೆ ಕರೆಯಲು ಜರ್ಮನಿಯಲ್ಲಿ 00, ಅಮೆರಿಕದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011 ಒತ್ತಬೇಕು. + ಇಟ್ಟುಕೊಂಡರೆ ಇವನ್ನೆಲ್ಲ ನೆನಪಿಡುವ ಅಗತ್ಯವಿಲ್ಲ, ಎಲ್ಲೆಡೆ ನಡೆಯುತ್ತದೆ.

ತುರ್ತು ಸಂಖ್ಯೆಗಳನ್ನು ಮಾತ್ರ ಬಾಯಿಪಾಠ ಮಾಡಿ. ಭಾರತದಂತೆ ಯುರೋಪ್ ಒಕ್ಕೂಟದಲ್ಲಿಯೂ 112. ಅಮೆರಿಕ, ಕೆನಡಾದಲ್ಲಿ 911. ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111.

ಸಿಗ್ನಲ್ ಇಲ್ಲದಾಗ

ಆಗುಂಬೆ ಘಾಟಿ ಇಳಿಯುವಾಗ ಗಮನಿಸಿದ್ದೀರಾ? ಸಿಗ್ನಲ್ ಹೋಗಿರುತ್ತದೆ, ಆದರೂ ನಕ್ಷೆಯ ನೀಲಿ ಚುಕ್ಕೆ ತಿರುವಿನಿಂದ ತಿರುವಿಗೆ ಜರುಗುತ್ತಲೇ ಇರುತ್ತದೆ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಆಕಾಶದ ಉಪಗ್ರಹಗಳ ಸಂಕೇತವನ್ನು ಫೋನು ಬರಿದೇ ಆಲಿಸುತ್ತದೆ, ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನಿರುವ ಜಾಗದ ಲೆಕ್ಕ ಹಾಕುತ್ತದೆ. ಇಂಟರ್‌ನೆಟ್ ಬೇಕಾದದ್ದು ಚುಕ್ಕೆಯ ಕೆಳಗಿನ ನಕ್ಷೆಗೆ. ಆ ನಕ್ಷೆಯನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಮೊದಲೇ ಇಳಿಸಿಕೊಂಡರೆ, ಇಳಿದ ಊರಿನಲ್ಲಿ ಸಿಮ್ ಸಿಗುವ ಮೊದಲೂ ದಾರಿ ತಪ್ಪುವುದಿಲ್ಲ. ಹೋಗುವ ಊರು, ವಿಮಾನ ನಿಲ್ದಾಣ, ಅವೆರಡರ ನಡುವಿನ ದಾರಿ, ಇಷ್ಟನ್ನು ಮನೆಯಲ್ಲಿಯೇ ಇಳಿಸಿ.

ಗೂಗಲ್ ಅನುವಾದದಲ್ಲಿಯೂ ಭಾಷೆಗಳನ್ನು ಇಳಿಸಿಕೊಳ್ಳಬಹುದು, ಕನ್ನಡವೂ ಇದೆ. ಮಗಳ ಬಾಣಂತನಕ್ಕೆ ಹೋಗುವ ತಾಯಂದಿರಿಗೆ ಇದನ್ನು ಕೈಹಿಡಿದು ಕಲಿಸಿಕೊಡಿ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ಬರಹಕ್ಕೆ ಕ್ಯಾಮೆರಾ ಹಿಡಿದು ಅದು ಏನೆಂದು ತಿಳಿಯುವಷ್ಟು ಬಂದರೆ, ಅವರು ಒಬ್ಬರೇ ಹೊರಗೆ ಕಾಲಿಡುತ್ತಾರೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಇಳಿಯುವ ಮನೆಯ ವಿಳಾಸ, ಇವುಗಳ ಚಿತ್ರ ಫೋನಿನೊಳಗೇ ಇರಲಿ. ಇಮೇಲ್‌ನಲ್ಲಿದೆ ಎಂದರೆ ವಿಮಾನ ನಿಲ್ದಾಣದ ವೈಫೈ ಒಟಿಪಿ ಕೇಳಿದಾಗ ಕೈಗೆಟುಕುವುದಿಲ್ಲ.

ಕೆಲವು ದೇಶಗಳಲ್ಲಿ ಸಿಗ್ನಲ್ ಇದ್ದರೂ ಸೇವೆ ಇರುವುದಿಲ್ಲ. ಚೀನಾದಲ್ಲಿ ಗೂಗಲ್, ವಾಟ್ಸ್‌ಆ್ಯಪ್ ಎರಡಕ್ಕೂ ತಡೆಯಿದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಸಾಮಾನ್ಯ ಜಾಲದಲ್ಲಿ ಅದರ ಕರೆ ಹೋಗುವುದಿಲ್ಲ. ಅಲ್ಲಿ ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್ ಬಳಸುತ್ತಾರೆ, ಊರಿನವರ ಫೋನಿಗೂ ಅದನ್ನೇ ಹಾಕಿಕೊಟ್ಟು ಹೋಗಬೇಕು. ವಿಪಿಎನ್ ಎಂಬ ಸುತ್ತುದಾರಿಯ ಆ್ಯಪ್ ಹಾಕಿ ತಡೆ ತಪ್ಪಿಸಿ ಎಂದು ಗೆಳೆಯರು ಹೇಳಿದರೆ ಕಿವಿಗೊಡಬೇಡಿ. ಕಾನೂನು ಮೀರಲು ವಿಪಿಎನ್ ಬಳಸುವುದು ಅಲ್ಲಿ ದೊಡ್ಡ ದಂಡದ ಅಪರಾಧ.

ಫೋನೇ ಕಳೆದರೆ

ಊರಿನಲ್ಲಿ ಫೋನು ಕಳೆದರೆ ಅಣ್ಣನ ಫೋನಿನಿಂದ ಕರೆದು ಹುಡುಕಬಹುದು, ಮರುದಿನ ಅಂಗಡಿಯಲ್ಲಿ ಹೊಸ ಸಿಮ್ ತೆಗೆಯಬಹುದು. ಹೊರದೇಶದಲ್ಲಿ ಕಳೆದರೆ ಒಂದೇ ಏಟಿಗೆ ಹಣ, ಟಿಕೆಟ್, ನಕ್ಷೆ, ಮನೆಯವರ ಸಂಖ್ಯೆ ಎಲ್ಲವೂ ಹೋಗುತ್ತದೆ. ಬೇರೆ ಫೋನಿನಲ್ಲಿ ಇಮೇಲ್ ತೆರೆಯಹೋದರೆ ಅದು ಕಳೆದುಹೋದ ಫೋನಿಗೇ ಒಟಿಪಿ ಕಳಿಸುತ್ತದೆ. ಬಾವಿಗೆ ಬಿದ್ದ ಹಗ್ಗ ತೆಗೆಯಲು ಅದೇ ಹಗ್ಗ ಬೇಕು ಎಂದ ಹಾಗೆ.

ಇದಕ್ಕೆ ಉಪಾಯ ಕಾಗದ. ಗೂಗಲ್ ಖಾತೆಯ ಭದ್ರತೆಯ ವಿಭಾಗದಲ್ಲಿ ಬ್ಯಾಕಪ್ ಕೋಡ್ ಎಂದು ಕೇಳಿದರೆ ತಲಾ 8 ಅಂಕಿಯ 10 ಕೋಡುಗಳನ್ನು ಕೊಡುತ್ತದೆ. ಒಂದೊಂದನ್ನು ಒಂದು ಸಲ, ಒಟಿಪಿಯ ಬದಲಿಗೆ ಬಳಸಬಹುದು. ಅವನ್ನು ಬರೆದು ಒಂದು ಪ್ರತಿ ಪಾಸ್‌ಪೋರ್ಟಿನ ಹೊದಿಕೆಯೊಳಗೆ, ಇನ್ನೊಂದು ಮನೆಯಲ್ಲಿ. ಅದೇ ಕಾಗದದ ಹಿಂಬದಿಯಲ್ಲಿ ಅಪ್ಪ ಅಮ್ಮನ ಸಂಖ್ಯೆ, ಬ್ಯಾಂಕಿನ ಕಾರ್ಡು ತಡೆಹಿಡಿಸುವ ಸಂಖ್ಯೆ, ಐಎಂಇಐ. ನಮಗೆ ಈಗ ಯಾರ ಸಂಖ್ಯೆಯೂ ಬಾಯಲ್ಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಕಳೆದ ಫೋನನ್ನು ಹುಡುಕುವ ಮತ್ತು ಅದರಲ್ಲಿರುವುದನ್ನು ದೂರದಿಂದ ಅಳಿಸುವ ಸೌಲಭ್ಯವನ್ನು ಚಾಲೂ ಮಾಡಿಡಿ. ಸಿಮ್ಮಿಗೂ ಒಂದು ಪಿನ್ ಹಾಕಬಹುದು, ಆಗ ಕದ್ದವರು ಅದನ್ನು ಬೇರೆ ಫೋನಿಗೆ ಹಾಕಿ ಒಟಿಪಿ ಓದಲಾರರು. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಮುಚ್ಚಿಕೊಳ್ಳುತ್ತದೆ, ತೆರೆಯಲು ಕಂಪನಿ ಕೊಡುವ ಪಿಯುಕೆ ಎಂಬ ಕೋಡ್ ಬೇಕು. ಅದನ್ನೂ ಬರೆದಿಟ್ಟುಕೊಳ್ಳಿ.

ಊರಿನ ಸಿಮ್ ಯಾರ ಹೆಸರಿನಲ್ಲಿದೆ ಎಂದು ಈಗಲೇ ನೋಡಿ. ನಮ್ಮ ಮನೆಗಳಲ್ಲಿ ಮಕ್ಕಳ ಸಿಮ್ ಅಪ್ಪನ ಹೆಸರಿನಲ್ಲಿರುವುದು ಸಾಮಾನ್ಯ. ಕಳೆದ ಸಿಮ್ಮಿಗೆ ಬದಲಿ ತೆಗೆಯಲು ಆ ಹೆಸರಿನವರೇ ಗುರುತಿನ ಚೀಟಿ ಹಿಡಿದು ಅಂಗಡಿಗೆ ಹೋಗಬೇಕು. ಓದುವ ಮಕ್ಕಳಿಗೆ ಇದು ಅನುಕೂಲವೇ, ಅಪ್ಪ ತೀರ್ಥಹಳ್ಳಿಯಲ್ಲಿಯೇ ತೆಗೆದು ಕಳಿಸಬಹುದು. ಸಿಮ್ ಯಾವಾಗಲೋ ಸತ್ತ ಅಜ್ಜನ ಹೆಸರಿನಲ್ಲಿದ್ದರೆ ಮಾತ್ರ ಹೊರಡುವ ಮೊದಲು ಬದಲಿಸಿಕೊಳ್ಳಲೇಬೇಕು.

ಚಾರ್ಜರಿನ ಬಗ್ಗೆ ಬಹಳ ಹೇಳಬೇಕಿಲ್ಲ. ಅದರ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ಎಲ್ಲಿಯೂ ನಡೆಯುತ್ತದೆ, ಗೋಡೆಯ ತೂತು ಬೇರೆ ಇರುವುದರಿಂದ ಅಡಾಪ್ಟರ್ ಒಂದು ಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತಿಲ್ಲ. 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್ ಅವರ್ ಆಗುತ್ತದೆ.

ಊರಿನಲ್ಲಿ ಉಳಿಯುವ ಫೋನು

ಕರೆಗೆ ಎರಡು ತುದಿ. ಹೊರಟವರ ಫೋನು ಎಷ್ಟೇ ಸಜ್ಜಾದರೂ ಮನೆಯ ಫೋನು ಮಳೆಗಾಲದಲ್ಲಿ ಸತ್ತಿದ್ದರೆ ಮಾತು ಎಲ್ಲಿಂದ? ಫೈಬರ್ ಸಂಪರ್ಕ ಇರುವ ಮನೆಯಲ್ಲಿ ಕರೆಂಟು ಹೋದ ಕೂಡಲೇ ರೂಟರೂ ಆರುತ್ತದೆ. ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಅದನ್ನು ಹಾಕಿಸಿಕೊಟ್ಟರೆ ಕರೆಂಟಿಲ್ಲದ ಸಂಜೆಯೂ ಮಗಳ ಮುಖ ಕಾಣುತ್ತದೆ. ಅಪ್ಪ ಅಮ್ಮನ ಫೋನಿನಲ್ಲಿ ವೈಫೈ ಕರೆಯ ಆಯ್ಕೆ ಇದ್ದರೆ ಚಾಲೂ ಮಾಡಿ. ಆಗ ಟವರ್ ಸಿಗದ ಮನೆಯೊಳಗೂ ಸಾಮಾನ್ಯ ಕರೆ ಬರುತ್ತದೆ.

ಇನ್ನೊಂದು ಮಾತನ್ನು ಮನೆಯವರೆಲ್ಲ ಕುಳಿತು ಆಡಿಕೊಳ್ಳಿ. ಮಕ್ಕಳು ಹೊರದೇಶದಲ್ಲಿದ್ದಾರೆ ಎಂದು ತಿಳಿದ ವಂಚಕರು, "ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಕೂಡಲೇ ಹಣ ಹಾಕಿ" ಎಂದು ಕರೆ ಮಾಡುತ್ತಾರೆ. ಈಗ ಯಂತ್ರದಿಂದ ಮಗನ ದನಿಯನ್ನೇ ಹೋಲುವಂತೆಯೂ ಮಾತನಾಡಿಸಬಲ್ಲರು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ, ಹಟ್ಟಿಯ ಹಸುವಿನ ಹೆಸರಾದರೂ ಸರಿ. ಅದನ್ನು ಹೇಳದವರಿಗೆ ಒಂದು ರೂಪಾಯಿಯೂ ಬೇಡ. ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಟಿಪಿಯನ್ನು ಯಾರಿಗೂ ಓದಿ ಹೇಳಬೇಡಿ ಎಂದು ಅಪ್ಪ ಅಮ್ಮನಿಗೆ ಕಲಿಸಿದ್ದೇವೆ. ಆ ಪಾಠ ಗಟ್ಟಿಯಾಗಿ ಉಳಿಯಬೇಕಾದರೆ, ಬೀರುವಿನ ಸಿಮ್ಮಿನಿಂದ ಒಟಿಪಿ ಓದಿ ಹೇಳಿ ಎಂದು ನಾವೇ ಅವರನ್ನು ಕೇಳುವ ಪ್ರಸಂಗ ಬರಬಾರದು.

ತಂಗಿಯ ಮಗಳ ಸಿಮ್ ಈಗ ಅವಳ ಫೋನಿನಲ್ಲಿದೆ. ಡಿಸೆಂಬರಿನಲ್ಲಿ ಅತ್ತ ಹೊರಟ ಪರಿಚಯದವರೊಬ್ಬರ ಕೈಯಲ್ಲಿ, ಕಾಗದದ ಮಡಿಕೆಯೊಳಗೆ ಅಂಟಿಸಿ ಕಳಿಸಿದೆವು. ತಂಗಿಯ ಮೊಬೈಲಿನಲ್ಲಿ ನಾನು ಎರಡು ಗಡಿಯಾರ ಇಟ್ಟುಕೊಟ್ಟಿದ್ದೇನೆ, ಒಂದು ಇಲ್ಲಿಯದು, ಒಂದು ಅಲ್ಲಿಯದು. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕೂವರೆ ಗಂಟೆ ಹಿಂದೆ. ಆ ಲೆಕ್ಕವನ್ನು ತಂಗಿ ಬೆರಳಲ್ಲಿ ಎಣಿಸುವುದನ್ನು ಬಿಟ್ಟಿದ್ದಾಳೆ. ರಾತ್ರಿ ಎಂಟೂವರೆಗೆ ಊಟದ ಪಾತ್ರೆ ತೊಳೆದಿಟ್ಟು, ಎರಡನೆಯ ಗಡಿಯಾರ ನಾಲ್ಕು ತೋರಿಸುತ್ತದೆಯೇ ಎಂದು ನೋಡಿ, ಕರೆ ಮಾಡುತ್ತಾಳೆ.